ಅಮೆರಿಕದಲ್ಲಿ ಗುಂಡಿ ಒತ್ತಿದರೆ ಮೈಸೂರಿನಲ್ಲಿ ಖಾರ ಚಿಮ್ಮಬಹುದೇ?

ಪ್ರಶ್ನೆ: ಕುವೆಂಪುನಗರದ ಮನೆಯಲ್ಲಿ ನಾನು, ನಮ್ಮ ಯಜಮಾನರು ಇಬ್ಬರೇ ಇದ್ದೇವೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಮಗ ಅಮೆರಿಕದಲ್ಲಿದ್ದಾನೆ. ಬಾಗಿಲ ಮೇಲೆ ಕ್ಯಾಮೆರಾ ಜೊತೆ ಪೆಪ್ಪರ್ ಸ್ಪ್ರೇ ಚಿಮ್ಮಿಸುವ ಯಂತ್ರವನ್ನೂ ಹಾಕಿಸುತ್ತೇನೆ, ಕಳ್ಳರು ಬಂದರೆ ಇಲ್ಲಿಂದ ನಾನೇ ಮೊಬೈಲಿನಲ್ಲಿ ಒತ್ತುತ್ತೇನೆ ಅನ್ನುತ್ತಾನೆ. ಪ್ರಾಣಕ್ಕೇನೂ ಅಪಾಯವಿಲ್ಲವಂತೆ. ಹಾಕಿಸಬಹುದೇ? ಕಾನೂನು ಏನನ್ನುತ್ತದೆ?
— ಓದುಗರೊಬ್ಬರು, ಮೈಸೂರು

ಉತ್ತರ: ಹಾಕಿಸಬೇಡಿ. ಕ್ಯಾಮೆರಾ ಇರಲಿ, ಸೈರನ್ ಇರಲಿ, ಮಗ ಅಲ್ಲಿಂದಲೇ ಪೋರ್ಟಿಕೋ ದೀಪ ಹೊತ್ತಿಸಲಿ, ಸ್ಪೀಕರಿನಲ್ಲಿ ‘ಯಾರದು?’ ಎಂದು ಗದರಿಸಲಿ. ಅಷ್ಟಕ್ಕೆ ಯಾರ ತಕರಾರೂ ಇಲ್ಲ. ಆದರೆ ಇನ್ನೊಬ್ಬರ ಮೈಗೆ ನೋವು ಮಾಡುವ ಗುಂಡಿ, ಎದುರಿಗಿರುವವರು ಯಾರೆಂದು ಕಣ್ಣಾರೆ ಕಂಡು, ಆ ಕ್ಷಣದ ಅಪಾಯವನ್ನು ತಾನೇ ಎದುರಿಸುತ್ತಿರುವವರ ಕೈಯಲ್ಲಿ ಮಾತ್ರ ಇರಬೇಕು.

ನಿಮ್ಮ ಭಯ ಸುಳ್ಳಲ್ಲ. ಮೈಸೂರು ನಿವೃತ್ತರ ಊರು. ಮಕ್ಕಳನ್ನು ಬೆಂಗಳೂರಿಗೋ ಹೊರದೇಶಕ್ಕೋ ಕಳಿಸಿ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರು ಇಲ್ಲಿ ಬೀದಿ ಬೀದಿಯಲ್ಲಿದ್ದಾರೆ. 2021ರ ಆಗಸ್ಟ್‌ನಲ್ಲಿ ವಿದ್ಯಾರಣ್ಯಪುರಂನ ಚಿನ್ನದಂಗಡಿಗೆ ನುಗ್ಗಿದ ದರೋಡೆಕೋರರ ಗುಂಡಿಗೆ, ಅಂಗಡಿಗೆ ಬಂದಿದ್ದ ಯುವಕನೊಬ್ಬ ಬಲಿಯಾದದ್ದನ್ನು ಊರು ಮರೆತಿಲ್ಲ. ರಕ್ಷಣೆ ಬೇಕೇ ಬೇಕು. ಎಂಥ ರಕ್ಷಣೆ ಎಂಬುದಷ್ಟೇ ಪ್ರಶ್ನೆ.

ಮಗ ಹೇಳುವಂಥ ಯಂತ್ರಗಳು ಈಗ ನಿಜವಾಗಿಯೂ ಬಂದಿವೆ. ಅಪರಿಚಿತರ ಮೇಲೆ ಬಣ್ಣದ ಉಂಡೆಯನ್ನೋ ಅಶ್ರುವಾಯುವಿನ ಉಂಡೆಯನ್ನೋ ಹಾರಿಸುವ ‘ಪೇಂಟ್‌ಕ್ಯಾಮ್’ ಎಂಬ ಕ್ಯಾಮೆರಾವನ್ನು 2024ರಲ್ಲಿ ಸ್ಲೊವೇನಿಯಾದ ಕಂಪನಿಯೊಂದು ಪ್ರಕಟಿಸಿತು. ಟೇಸರ್ ತಯಾರಿಸುವ ಅಮೆರಿಕದ ಆಕ್ಸಾನ್ ಕಂಪನಿ 2022ರಲ್ಲಿ ಶಾಲೆಗಳ ರಕ್ಷಣೆಗೆಂದು ಟೇಸರ್ ಹೊತ್ತ ರಿಮೋಟ್ ಡ್ರೋನ್ ಮಾಡಲು ಹೊರಟಿತ್ತು. ಅದನ್ನು ವಿರೋಧಿಸಿ ಆ ಕಂಪನಿಯದೇ ನೈತಿಕತಾ ಮಂಡಳಿಯ 12 ಸದಸ್ಯರಲ್ಲಿ 9 ಮಂದಿ ರಾಜೀನಾಮೆ ಕೊಟ್ಟರು, ಯೋಜನೆಗೆ ತಡೆ ಬಿತ್ತು. ದೂರದಿಂದ ನೋವು ಕೊಡುವ ಯಂತ್ರದ ಬಗ್ಗೆ ಆ ವ್ಯವಹಾರವನ್ನು ಹತ್ತಿರದಿಂದ ಬಲ್ಲವರೇ ಅಷ್ಟು ಅಳುಕಿದರು.

ಈಗ ಪೆಪ್ಪರ್ ಸ್ಪ್ರೇ ವಿಷಯ. ಅದರಲ್ಲಿರುವುದು ಮೆಣಸಿನಕಾಯಿಯಿಂದ ತೆಗೆದ ಓಲಿಯೊರೆಸಿನ್ ಎಂಬ ಗಟ್ಟಿ ಸಾರ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಸಾರಕ್ಕೆ ಬೇಡಿಕೆ ಹೆಚ್ಚಾಗಿ ಬಣ್ಣಕ್ಕೆ. ಸ್ಪ್ರೇಗೆ ಬೇಕಾದದ್ದು ಖಾರದ ಅಂಶವಾದ ಕ್ಯಾಪ್ಸೈಸಿನ್. ಸುಮಾರು 43 ಡಿಗ್ರಿ ಮೀರಿದ ಶಾಖ ತಗಲಿದಾಗ ನಮ್ಮ ನರಗಳಲ್ಲಿ ಎಚ್ಚರಗೊಳ್ಳುವ ಟಿಆರ್‌ಪಿವಿ1 ಎಂಬ ಗ್ರಾಹಕವೊಂದಿದೆ. ಕ್ಯಾಪ್ಸೈಸಿನ್ ತಗಲಿದರೂ ಅದೇ ಗ್ರಾಹಕ ಎಚ್ಚರಗೊಳ್ಳುತ್ತದೆ. ಹಾಗಾಗಿ ಚರ್ಮ ಸುಡದಿದ್ದರೂ ಮೆದುಳಿಗೆ ಮುಟ್ಟುವುದು ಸುಟ್ಟ ಉರಿಯೇ. ಇದನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕಣ್ಣು ತೆರೆಯಲಾಗದು, ಉಸಿರು ಕಟ್ಟುತ್ತದೆ, ಕೆಮ್ಮು ನಿಲ್ಲದು. ಗಟ್ಟಿಮುಟ್ಟಾದವರು ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಳ್ಳುತ್ತಾರೆ. ಆಸ್ತಮಾ ಇದ್ದವರಿಗೆ ಪ್ರಾಣಕ್ಕೇ ಬರಬಹುದು.

ಖಾರ ಚಿಮ್ಮಿದ ಕಡೆಗಷ್ಟೇ ಹೋಗುವುದೂ ಇಲ್ಲ. ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಸೀದರೆ ಮಹಡಿ ಮೇಲಿದ್ದವರೂ ಕೆಮ್ಮುವಂತೆ, ಮುಚ್ಚಿದ ಜಾಗದಲ್ಲಿ ಅದು ಎಲ್ಲರನ್ನೂ ಹಿಡಿಯುತ್ತದೆ. 2014ರ ಫೆಬ್ರವರಿ 13ರಂದು ಲೋಕಸಭೆಯಲ್ಲಿ ಸಂಸದರೊಬ್ಬರು ಪೆಪ್ಪರ್ ಸ್ಪ್ರೇ ಚಿಮ್ಮಿಸಿದಾಗ ಅಷ್ಟು ವಿಶಾಲವಾದ ಸಭಾಂಗಣದಲ್ಲೇ ಹಲವು ಸದಸ್ಯರು ಆಸ್ಪತ್ರೆ ಸೇರಬೇಕಾಯಿತು. ನಿಮ್ಮ ಮನೆಯ ಹಾಲ್ ಎಷ್ಟು ದೊಡ್ಡದು? ಕಳ್ಳನಾದರೂ ಬಾಗಿಲು ತೆರೆದು ಓಡಿಯಾನು. ಒಳಗೆ ಉಳಿದು ಆ ಗಾಳಿಯನ್ನೇ ಉಸಿರಾಡಬೇಕಾದವರು ನೀವಿಬ್ಬರು.

ಕಾನೂನಿಗೆ ಬರೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕಿಗೆ ಸಂಬಂಧಿಸಿದವು. ತನ್ನ ಮೈಯನ್ನಷ್ಟೇ ಅಲ್ಲ, ಬೇರೆಯವರ ಮೈಯನ್ನೂ ಸ್ವತ್ತನ್ನೂ ಕಾಯುವ ಹಕ್ಕನ್ನು 35ನೇ ಕಲಂ ಕೊಡುತ್ತದೆ. ಆದ್ದರಿಂದ ಅಪ್ಪ ಅಮ್ಮನ ಪರವಾಗಿ ನಿಲ್ಲುವ ಹಕ್ಕು ಮಗನಿಗಿದೆ. ಆದರೆ 37ನೇ ಕಲಂ ಅದಕ್ಕೆ ಎರಡು ಕಟ್ಟು ಹಾಕಿದೆ. ಸರ್ಕಾರಿ ರಕ್ಷಣೆ ಕೋರಲು ಸಮಯವಿದ್ದರೆ ಆ ಹಕ್ಕು ಇಲ್ಲ; ಇದ್ದಾಗಲೂ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಕೆಡುಕು ಮಾಡುವಂತಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಕುಳಿತು ಆ್ಯಪ್ ತೆರೆದು, ಚಿತ್ರ ನೋಡಿ, ಗುರಿ ಹಿಡಿದವನನ್ನು ಯಾರಾದರೂ ಕೇಳುವ ಮೊದಲ ಮಾತು: ಅಷ್ಟು ಹೊತ್ತಿತ್ತಲ್ಲ, ಪೊಲೀಸರಿಗೆ ಯಾಕೆ ತಿಳಿಸಲಿಲ್ಲ?

ಪೆಪ್ಪರ್ ಸ್ಪ್ರೇ ಬಗ್ಗೆ ನಮ್ಮ ಹೈಕೋರ್ಟೇ ಮಾತಾಡಿದೆ. ಬೆಂಗಳೂರಿನ ಪ್ರಕರಣವೊಂದರಲ್ಲಿ ಕಾವಲುಗಾರನ ಮೇಲೆ ಸ್ಪ್ರೇ ಹಾಕಿದವರು ಆತ್ಮರಕ್ಷಣೆಗೆ ಹಾಗೆ ಮಾಡಿದೆವು, ಕೇಸು ರದ್ದುಮಾಡಿ ಎಂದು ಕೋರಿದ್ದರು. 2024ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಅದಕ್ಕೆ ಒಪ್ಪಲಿಲ್ಲ. ಮೇಲ್ನೋಟಕ್ಕೆ ಪ್ರಾಣಕ್ಕೆ ಆ ಕ್ಷಣದ ಅಪಾಯ ಇರಲಿಲ್ಲ, ತನಿಖೆ ಆಗಲಿ ಎಂದಿತು. ಅಮೆರಿಕದ ನ್ಯಾಯಾಲಯವೊಂದರ ತೀರ್ಪನ್ನು ಆಧರಿಸಿ ಇಂಥ ಸ್ಪ್ರೇಗಳನ್ನು ಅಪಾಯಕಾರಿ ಆಯುಧವೆಂದೇ ಕಂಡಿತು. ಕೈಯಲ್ಲಿ ಹಿಡಿದು, ಎದುರೇ ನಿಂತು ಹಾಕಿದವರಿಗೇ ಇಷ್ಟು ಪ್ರಶ್ನೆಗಳಿವೆ.

ಗುಂಡಿಯೂ ಬೇಡ, ಯಾರಾದರೂ ಬಂದರೆ ತಾನಾಗಿ ಚಿಮ್ಮುವಂತೆ ಮಾಡೋಣ ಎಂದರೆ ಸಂಗತಿ ಇನ್ನೂ ಕೆಡುತ್ತದೆ. ಚೆರುಬಿನ್ ಗ್ರೆಗರಿ ವಿರುದ್ಧ ಬಿಹಾರ ರಾಜ್ಯ ಎಂಬ ಪ್ರಕರಣ ನೋಡಿ. ನೆರೆಮನೆಯವರ ಶೌಚಾಲಯದ ಗೋಡೆ ಬಿದ್ದಿತ್ತು. ಅವರು ಪಕ್ಕದ ಮನೆಯವನದನ್ನು ಬಳಸತೊಡಗಿದರು. ಆತ ಬೇಡವೆಂದ. ಕೇಳದಿದ್ದಾಗ ದಾರಿಯಲ್ಲಿ ಬರಿ ತಾಮ್ರದ ತಂತಿ ಕಟ್ಟಿ ಕರೆಂಟು ಹರಿಸಿದ. ಒಬ್ಬ ಹೆಂಗಸು ಮುಟ್ಟಿ ಸತ್ತಳು. ಅನುಮತಿಯಿಲ್ಲದೆ ಬಂದವಳಾದರೂ ಸ್ವತ್ತಿನ ರಕ್ಷಣೆಯ ಹೆಸರಿನಲ್ಲಿ ಇದನ್ನು ಸಮರ್ಥಿಸಲಾಗದು ಎಂದು ಸುಪ್ರೀಂ ಕೋರ್ಟು 1963ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಮಗನಿರುವ ದೇಶದಲ್ಲೂ ಇದೇ ನ್ಯಾಯ. ಪಾಳುಬಿದ್ದ ಮನೆಯ ಬಾಗಿಲಿಗೆ ಬಂದೂಕು ಕಟ್ಟಿಟ್ಟ ದಂಪತಿ, ಕಾಲಿಗೆ ಗುಂಡು ತಿಂದ ಕಳ್ಳನಿಗೆ 30,000 ಡಾಲರ್ ಪರಿಹಾರ ಕೊಡಬೇಕೆಂದು ಅಯೋವಾದ ಸುಪ್ರೀಂ ಕೋರ್ಟು 1971ರಲ್ಲಿ ಹೇಳಿತು. ಖುದ್ದಾಗಿ ನಿಂತು ಮಾಡುವಂತಿಲ್ಲದ್ದನ್ನು ಯಂತ್ರದ ಕೈಯಲ್ಲೂ ಮಾಡಿಸುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಶಾಕ್ ಹೊಡೆಯುವ ಟೇಸರ್‌ನಂಥವಂತೂ 2016ರ ಶಸ್ತ್ರಾಸ್ತ್ರ ನಿಯಮಗಳ ಹಿಡಿತಕ್ಕೆ ಬರುತ್ತವೆ, ಪರವಾನಗಿಯಿಲ್ಲದೆ ತರಿಸಬೇಡಿ.

ಈ ಪಾಠ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಹುಣಸೂರು, ಎಚ್.ಡಿ. ಕೋಟೆ ಕಡೆ ಆನೆ, ಹಂದಿ ತಡೆಯಲು ರೈತರು ಸೋಲಾರ್ ಬೇಲಿ ಹಾಕುತ್ತಾರೆ. 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಅದರ ಯಂತ್ರ, ತಂತಿಗೆ ಸೆಕೆಂಡಿಗೊಮ್ಮೆಯಷ್ಟು ಕ್ಷಣಿಕವಾದ ಮಿಡಿತ ಕಳಿಸುತ್ತದೆ. ವೋಲ್ಟೇಜು ಹೆಚ್ಚು, ಆದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಮುಟ್ಟಿದವರಿಗೆ ಕೈ ಬಿಡಿಸಿಕೊಳ್ಳಲು ಬಿಡುವು ಸಿಗುತ್ತದೆ. ಅದೇ ಬೇಲಿಗೆ ಕಂಬದಿಂದ ನೇರ ಕರೆಂಟು ಕೊಟ್ಟರೆ ಹಿಡಿದ ಕೈ ಬಿಡುವುದಿಲ್ಲ. ಹಾಗೆ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ, ತಂತಿ ಕಟ್ಟಿದವರು ಜೈಲು ಕಂಡಿದ್ದಾರೆ. ಯಾರು ಮುಟ್ಟುತ್ತಾರೆಂದು ತಂತಿಗೆ ಗೊತ್ತಾಗುವುದಿಲ್ಲ.

ನಿಮ್ಮ ಬಾಗಿಲಿನ ಯಂತ್ರಕ್ಕೂ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಐದೂವರೆಗೆ ನಿಮ್ಮ ಗೇಟಿನ ಹತ್ತಿರ ಯಾರೆಲ್ಲ ಬರುತ್ತಾರೆಂದು ನೆನೆಸಿಕೊಳ್ಳಿ: ಹಾಲಿನವರು, ಪೇಪರ್ ಹಾಕುವ ಹುಡುಗ, ದೇವರ ಪೂಜೆಗೆಂದು ಕಾಂಪೌಂಡಿನ ಮೇಲಿಂದ ದಾಸವಾಳ, ನಂದಿಬಟ್ಟಲು ಬಿಡಿಸಿಕೊಳ್ಳುವ ವಾಕಿಂಗಿನವರು. ಚಳಿಗಾಲದಲ್ಲಿ ಅವರೆಲ್ಲ ಮಫ್ಲರ್ ಸುತ್ತಿ ಮುಖ ಮುಚ್ಚಿರುತ್ತಾರೆ. ಕತ್ತಲಲ್ಲಿ ಬೂದುಬಣ್ಣದ ಚಿತ್ರ, ಸೆಕೆಂಡುಗಟ್ಟಲೆ ತಡವಾಗುವ ಇಂಟರ್ನೆಟ್ಟು, ಅಲ್ಲಿ ಆತಂಕದಲ್ಲಿರುವ ಮಗ. ಒಂದು ತಪ್ಪು ಬೆರಳು ಸಾಕು, ಹದಿನಾಲ್ಕು ವರ್ಷದ ಪೇಪರ್ ಹುಡುಗನ ಕಣ್ಣಿಗೆ ಖಾರ.

ನಿಜವಾದ ಕಳ್ಳನ ಮುಂದೆ ಈ ಯಂತ್ರ ಬಲು ದುರ್ಬಲ. ಎಷ್ಟೋ ಮನೆಗಳಲ್ಲಿ ಮೀಟರ್ ಬೋರ್ಡು ಹೊರಗಡೆಯೇ ಇರುತ್ತದೆ; ಮೇನ್ ಸ್ವಿಚ್ ಇಳಿಸಿದರೆ ವೈಫೈ ಹೋಯಿತು, ಮಗನ ಗುಂಡಿಯೂ ಹೋಯಿತು. ಪಾಸ್‌ವರ್ಡ್ ಕದ್ದವರು ನಿಮ್ಮ ಮೇಲೆಯೇ ಅದನ್ನು ತಿರುಗಿಸಬಹುದು. 2019ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಂಟು ವರ್ಷದ ಹುಡುಗಿಯ ಕೋಣೆಯ ಕ್ಯಾಮೆರಾದೊಳಗೆ ಅಪರಿಚಿತನೊಬ್ಬ ನುಗ್ಗಿ ಅವಳನ್ನು ಮಾತಾಡಿಸಿದ್ದ. ಅಲ್ಲಿದ್ದದ್ದು ಬರಿಯ ಕ್ಯಾಮೆರಾ, ಖಾರದ ಡಬ್ಬಿಯಲ್ಲ.

ಆ ಯಂತ್ರದ ಹಣವನ್ನು ಹೀಗೆ ಖರ್ಚು ಮಾಡಿಸಿ. ಮುಂಬಾಗಿಲಿಗೆ ಗ್ರಿಲ್ ಬಾಗಿಲು, ಹಿತ್ತಲ ಬಾಗಿಲಿಗೆ ಒಳಗಿನಿಂದ ಗಟ್ಟಿ ಅಗುಳಿ. ಕಾಂಪೌಂಡಿನ ನಾಲ್ಕೂ ಮೂಲೆಗೆ ಯಾರಾದರೂ ಸುಳಿದರೆ ಹೊತ್ತುವ ದೀಪ. ಮಂಚದ ಪಕ್ಕ ಒಂದು ಗುಂಡಿ, ಒತ್ತಿದರೆ ಬೀದಿಗೆಲ್ಲ ಕೇಳುವ ಸೈರನ್. ಮೀಟರ್ ಬೋರ್ಡಿಗೆ ಬೀಗ, ವೈಫೈ ಮತ್ತು ಸೈರನ್‌ಗೆ ಯುಪಿಎಸ್. ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಸೈಬರ್ ಭದ್ರತೆಯ ಪರೀಕ್ಷೆ ಕಡ್ಡಾಯವಾಗಿದೆ. ಅದರಲ್ಲಿ ಪಾಸಾದುದನ್ನೇ ಕೊಂಡು, ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ. ಪೆಪ್ಪರ್ ಸ್ಪ್ರೇ ಬೇಕೇ ಬೇಕು ಎನಿಸಿದರೆ ಚಿಕ್ಕ ಡಬ್ಬಿಯೊಂದು ನಿಮ್ಮ ಕೈಗೆಟುಕುವ ಕಡೆ ಇರಲಿ, ಬೇರೆ ದಾರಿಯೇ ಇಲ್ಲದಾಗ ಬಳಸಲು.

ಮಗನಿಗೂ ಕೆಲಸವಿದೆ. ಅಪಾಯವಾದಾಗ ನೀವು 112ಕ್ಕೆ ಕರೆ ಮಾಡಿದರೆ ಪೊಲೀಸರ ಗರುಡ ವಾಹನ ಬರುತ್ತದೆ. ಆದರೆ ಅವನು ಅಲ್ಲಿಂದ 112 ಒತ್ತಿದರೆ ಮೈಸೂರಿನ ಪೊಲೀಸರಿಗೆ ಅದು ತಲುಪುವುದಿಲ್ಲ. ಆದ್ದರಿಂದ ನಿಮ್ಮ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು ಮುಂದೆ +91-821 ಸೇರಿಸಿ ಅವನ ಫೋನಿನಲ್ಲಿ ಬರೆದಿಡಲಿ, ಒಮ್ಮೆ ಕರೆ ಮಾಡಿ ನೋಡಲಿ. ಎದುರುಮನೆ, ಪಕ್ಕದಮನೆಯವರ ನಂಬರುಗಳೂ ಇರಲಿ. ಈ ಸಲ ಊರಿಗೆ ಬಂದಾಗ ಅವರ ಮನೆಗೆ ಹೋಗಿ, ಅಪ್ಪ ಅಮ್ಮನ ಕಡೆ ಒಂದು ಕಣ್ಣಿಟ್ಟಿರಿ ಎಂದು ಕೇಳಿಕೊಳ್ಳಲಿ. ಎರಡು ನಿಮಿಷದಲ್ಲಿ ನಿಮ್ಮ ಗೇಟಿಗೆ ಬರಬಲ್ಲವರು ಅವರೇ.