‘ಚಿಕ್ಕೋಡಿ’ ಅಂತ ಹುಡುಕಿದರೆ ಚಿಕ್ಕೋಡಿ ಸಿಗಲಿಲ್ಲ: ಫೀಡ್ ಪಾರ್ಸಿಂಗ್ ಕಲಿತ ಕಥೆ

ಕಳೆದ ಜುಲೈನಲ್ಲಿ ಹಾಸ್ಟೆಲ್‌ನಲ್ಲಿ ಕೂತು ನಾನು ಅಪ್ಪನಿಗೆ ಒಂದು ಸುಳ್ಳು ಹೇಳಿದೆ. ಬೇಕಂತ ಹೇಳಿದ್ದಲ್ಲ.

ನಮ್ಮದು ಚಿಕ್ಕೋಡಿ ತಾಲ್ಲೂಕು, ಕೃಷ್ಣಾ ನದಿ ಹತ್ತಿರದ ಊರು. ಆ ಕಡೆಯವರಿಗೆ ಇದು ಗೊತ್ತೇ ಇರುತ್ತೆ, ಉಳಿದವರಿಗೆ ಹೇಳ್ತೀನಿ. ಮಹಾರಾಷ್ಟ್ರದ ಸಾತಾರಾ, ಕೊಲ್ಹಾಪುರ ಕಡೆ ಮಳೆ ಜೋರಾದರೆ ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ನೀರು ಬರುತ್ತೆ. ಕೃಷ್ಣೆಯ ಮೇಲಿನ ಕಲ್ಲೋಳ–ಯಡೂರ, ದೂಧಗಂಗೆಯ ಕಾರದಗಾ–ಭೋಜ, ವೇದಗಂಗೆಯ ಜತ್ರಾಟ–ಭಿವಶಿ, ಇವೆಲ್ಲ ಕೆಳಮಟ್ಟದ ಸೇತುವೆಗಳು, ಮಳೆಗಾಲದಲ್ಲಿ ಮುಳುಗುತ್ತವೆ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಆದದ್ದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲ್ಲೂಕಿನ ನದಿದಂಡೆಯ ಜನಕ್ಕೆ ಇನ್ನೂ ನೆನಪಿದೆ. ಹಾಗಾಗಿ ನಮ್ಮ ಮನೆಯಲ್ಲಿ ಜುಲೈ ಅಂದರೆ ‘ಬ್ರಿಜ್ ಮ್ಯಾಲ ನೀರ ಐತೇನ?’ ಅನ್ನೋದೇ ದಿನದ ಮೊದಲ ಪ್ರಶ್ನೆ.

ನಾನು ಸೆಕೆಂಡ್ ಇಯರ್‌ನ ಹುಮ್ಮಸ್ಸಿನಲ್ಲಿ ಪೈಥಾನ್‌ನಲ್ಲಿ ಒಂದು ಸಣ್ಣ ಆ್ಯಪ್ ಮಾಡಿದ್ದೆ. ಕನ್ನಡ, ಮರಾಠಿ ಸುದ್ದಿ ಸೈಟುಗಳ ಫೀಡ್ ತಂದು, ಈ ಐದು ತಾಲ್ಲೂಕಿನ ಹೆಸರಿದ್ದ ಸುದ್ದಿ ಮಾತ್ರ ಆರಿಸಿ, ಹೊಸದು ಮೇಲೆ ಬರುವಂತೆ ತೋರಿಸೋದು. ಅಪ್ಪ ಫೋನ್ ಮಾಡಿ, ‘ಯಡೂರಿಗೆ ಹೋಗೋದೈತಿ. ನೀರ ಇಳದೈತೇನ ನಿನ್ನ ಮೊಬೈಲ್‌ದಾಗ ನೋಡಪಾ’ ಅಂದ್ರು. ನೋಡಿದೆ. ಎಲ್ಲಕ್ಕಿಂತ ಮೇಲೆ ‘ಸೇತುವೆ ಸಂಚಾರಕ್ಕೆ ಮುಕ್ತ’ ಅಂತ ಇತ್ತು. ‘ಹೂಂ ಅಪ್ಪಾ, ಓಪನ್ ಐತಿ, ಈಗಷ್ಟ ಸುದ್ದಿ ಬಂದೈತಿ’ ಅಂದೆ. ಅವರು ಬೈಕ್ ತಗೊಂಡು ಹೋದರು. ಅಲ್ಲಿ ಬ್ಯಾರಿಕೇಡ್ ಹಾಕಿತ್ತು, ಸೇತುವೆ ಮೇಲೆ ನೀರು ಹರೀತಿತ್ತು. ‘ಈಗಷ್ಟ’ ಬಂದ ಸುದ್ದಿ ನಾಲ್ಕು ದಿನ ಹಳೇದು. ಹಗಲಾಗಿತ್ತು, ಬ್ಯಾರಿಕೇಡ್ ಇತ್ತು, ಅಷ್ಟಕ್ಕೇ ಮುಗೀತು. ರಾತ್ರಿ ಆಗಿದ್ದರೆ ಅಂತ ಆಮೇಲೆ ಅನಿಸ್ತು.

ಸೈಟು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ನನ್ನ ಕೋಡು. ಎಲ್ಲಿ ಅಂತ ತೋರಿಸೋಕೆ ಮೊದಲು ಫೀಡ್ ಅಂದರೆ ಏನು ಅಂತ ಸ್ವಲ್ಪ ನೋಡೋಣ. (ಟ್ಯಾಗ್ ಹೆಸರುಗಳನ್ನೂ ಕನ್ನಡದಲ್ಲೇ ಬರೀತಿದೀನಿ, ಕೋಡ್ ಮಾಡೋವಾಗ ಸ್ಪೆಲಿಂಗ್ ನೀವೇ ಹಾಕ್ಕೊಳ್ಳಿ.)

ಫೀಡ್ ಅನ್ನೋದು ಒಂದು ಎಕ್ಸ್‌ಎಂಎಲ್ ಫೈಲು. ಸೈಟಿನಲ್ಲಿ ಹೊಸದಾಗಿ ಏನು ಬಂದಿದೆ ಅನ್ನೋ ಪಟ್ಟಿ ಅದರಲ್ಲಿರುತ್ತೆ: ಪ್ರತಿ ಸುದ್ದಿಗೆ ಒಂದು ಐಟಂ, ಅದರೊಳಗೆ ಟೈಟಲ್, ಲಿಂಕ್, ಡಿಸ್ಕ್ರಿಪ್ಷನ್, ಪಬ್‌ಡೇಟ್, ಗುರುತಿಗೆ ಒಂದು ಗೈಡ್. ಇದೇ ಆರ್‌ಎಸ್‌ಎಸ್. (ಮನೆಯಲ್ಲಿ ‘ನಾನು ಆರ್‌ಎಸ್‌ಎಸ್ ಮೇಲೆ ಕೆಲಸ ಮಾಡ್ತಿದೀನಿ’ ಅಂದರೆ ಬೇರೆಯೇ ಚರ್ಚೆ ಶುರುವಾಗುತ್ತೆ, ‘ಫೀಡ್’ ಅನ್ನಿ.) ನೀವು ಕೇಳೋ ಪಾಡ್‌ಕಾಸ್ಟ್‌ಗಳು ಬಹುತೇಕ ಇವತ್ತಿಗೂ ಇದರ ಮೇಲೇ ನಡೆಯುತ್ತಿವೆ.

ಇಷ್ಟು ಸರಳ ಆಗಿದ್ದರೆ ಲೈಬ್ರರಿ ಯಾಕೆ ಬೇಕು? ಯಾಕಂದರೆ ಫೀಡ್ ಒಂದೇ ಜಾತಿ ಅಲ್ಲ. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿ 0.90 ತಂದಿತು. ಅದರ ಹಿಂದಿದ್ದವರಲ್ಲಿ ಒಬ್ಬರು ಆರ್. ವಿ. ಗುಹಾ, ಐಐಟಿ ಮದ್ರಾಸಿನ ಮೆಕ್ಯಾನಿಕಲ್ ವಿದ್ಯಾರ್ಥಿ. ನಮ್ಮ ಮೆಕ್ ಗೆಳೆಯರು ಗಮನಿಸಿ! ಅದೇ ವರ್ಷ ಜುಲೈನಲ್ಲಿ ಬಂದ 0.91, ಮೊದಲಿನದರ ಆರ್‌ಡಿಎಫ್ ರಚನೆಯನ್ನೇ ಬಿಟ್ಟಿತು. 2000ದ ಡಿಸೆಂಬರ್‌ನಲ್ಲಿ ಇನ್ನೊಂದು ಗುಂಪು 1.0 ಅಂತ ಹೆಸರಿಟ್ಟು ಮತ್ತೆ ಆರ್‌ಡಿಎಫ್‌ಗೆ ಹೋಯಿತು. 2002ರಲ್ಲಿ ಡೇವ್ ವೈನರ್ ಅವರ 2.0 ಬಂತು, ಅದು 1.0ರ ಮುಂದುವರಿಕೆ ಅಲ್ಲವೇ ಅಲ್ಲ, 0.91ರ ದಾರಿಯದು. ಈ ಜಗಳ ಸಾಕಾಗಿ ಹೊಸದಾಗಿ ಬರೆದದ್ದು ಆ್ಯಟಮ್, 2005ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 4287 ಆಗಿ ಬಂತು. ಆರ್‌ಎಸ್‌ಎಸ್‌ನಲ್ಲಿ ಪರಸ್ಪರ ಹೊಂದದ ಒಂಬತ್ತು ಆವೃತ್ತಿ ಇವೆ ಅಂತ 2004ರಲ್ಲಿ ಮಾರ್ಕ್ ಪಿಲ್‌ಗ್ರಿಮ್ ಎಣಿಸಿ ತೋರಿಸಿದ್ದರು. ಪೈಥಾನ್‌ನ ಫೀಡ್‌ಪಾರ್ಸರ್ ಲೈಬ್ರರಿ ಶುರು ಮಾಡಿದವರೂ ಅವರೇ.

ಈ ಲೈಬ್ರರಿಯ ಮುಖ್ಯ ಕೆಲಸ ಅಂದರೆ ಎಲ್ಲ ಜಾತಿಯ ಫೀಡನ್ನೂ ಒಂದೇ ಅಚ್ಚಿಗೆ ತರೋದು. ಆರ್‌ಎಸ್‌ಎಸ್‌ನಲ್ಲಿ ಐಟಂ, ಆ್ಯಟಮ್‌ನಲ್ಲಿ ಎಂಟ್ರಿ. ನಿಮ್ಮ ಕೈಗೆ ಬರೋದು ಎಂಟ್ರೀಸ್ ಅನ್ನೋ ಒಂದೇ ಲಿಸ್ಟ್. ಒಂದರಲ್ಲಿ ಗೈಡ್, ಇನ್ನೊಂದರಲ್ಲಿ ಐಡಿ. ನಿಮಗೆ ಸಿಗೋದು ಐಡಿ. ಇನ್ನೊಂದು ಉಪಕಾರವೂ ಇದೆ. ಎಕ್ಸ್‌ಎಂಎಲ್ ನಿಯಮದ ಪ್ರಕಾರ ಫೈಲಿನಲ್ಲಿ ಒಂದು ತಪ್ಪಿದ್ದರೂ ಪಾರ್ಸರ್ ಅಲ್ಲೇ ನಿಲ್ಲಬೇಕು. ಟೈಟಲ್‌ನಲ್ಲಿ ಎಸ್ಕೇಪ್ ಮಾಡದ ಒಂದು ಆ್ಯಂಪರ್ಸ್ಯಾಂಡ್ ಇದ್ದರೆ ಸಾಕು, ಇಡೀ ಫೀಡ್ ಹೋಯ್ತು. ಫೀಡ್‌ಪಾರ್ಸರ್ ಮೊದಲು ಕಟ್ಟುನಿಟ್ಟಾಗಿ ಓದಲು ನೋಡುತ್ತೆ, ಆಗದಿದ್ದರೆ ಸಡಿಲವಾದ ಇನ್ನೊಂದು ಪಾರ್ಸರ್‌ನಿಂದ ಸಿಕ್ಕಷ್ಟು ತೆಗೆಯುತ್ತೆ, ಮತ್ತು ‘ಬೋಝೋ’ ಅನ್ನೋ ಗುರುತನ್ನು 1 ಮಾಡುತ್ತೆ. ಬೋಝೋ ಅಂದರೆ ನಮ್ಮ ಬೆಪ್ಪುತಕ್ಕಡಿ. ಅಂದರೆ ‘ಓದಿ ಕೊಟ್ಟಿದೀನಿ, ಆದರೆ ಫೀಡ್ ಸರಿ ಇರಲಿಲ್ಲ, ಗೊತ್ತಿರಲಿ’ ಅಂತ. ನಾನು ಇದನ್ನು ಒಂದು ಸಲವೂ ನೋಡಿರಲಿಲ್ಲ.

ಈಗ ನನ್ನ ತಪ್ಪಿಗೆ ಬರೋಣ. ಆ್ಯಟಮ್‌ನಲ್ಲಿ ಪ್ರತಿ ಎಂಟ್ರಿಗೆ ಐಡಿ, ಟೈಟಲ್, ಅಪ್‌ಡೇಟೆಡ್ ಈ ಮೂರೂ ಕಡ್ಡಾಯ. ಆರ್‌ಎಸ್‌ಎಸ್ 2.0ದಲ್ಲಿ ಐಟಂ ಒಳಗಿನ ಯಾವುದೂ ಕಡ್ಡಾಯ ಅಲ್ಲ, ಟೈಟಲ್ ಅಥವಾ ಡಿಸ್ಕ್ರಿಪ್ಷನ್ ಎರಡರಲ್ಲೊಂದು ಇದ್ದರೆ ಮುಗೀತು. ಅಂದರೆ ದಿನಾಂಕವೇ ಇಲ್ಲದ ಸುದ್ದಿ ಕಾನೂನು ಪ್ರಕಾರ ಸರಿಯಾದ ಸುದ್ದಿ. ನಾನು ತರುತ್ತಿದ್ದ ಒಂದು ಫೀಡ್‌ನಲ್ಲಿ ಪಬ್‌ಡೇಟ್ ಇರಲಿಲ್ಲ. ಕೋಡ್ ಎರರ್ ಕೊಡ್ತು. ರಾತ್ರಿ ಒಂದೂವರೆ ಗಂಟೆ, ಮರುದಿನ ಇಂಟರ್ನಲ್ಸ್. ನಾನು ಏನು ಮಾಡಿದೆ ಅಂದರೆ, ದಿನಾಂಕ ಇಲ್ಲದಿದ್ದರೆ ‘ಈಗಿನ ಸಮಯ’ ಹಾಕು ಅಂತ ಒಂದು ಸಾಲು ಬರೆದು ಮಲಗಿದೆ. ಎರರ್ ಹೋಯ್ತು. ಆದರೆ ಅವತ್ತಿನಿಂದ ಆ ಫೀಡ್‌ನ ಹಳೇ ಸುದ್ದಿಗಳೆಲ್ಲ, ಪ್ರತಿ ಸಲ ಫೀಡ್ ತಂದಾಗಲೂ, ಹೊಚ್ಚಹೊಸದಾಗಿ ಹುಟ್ಟಿ ಮೇಲೆ ಬಂದು ಕೂರುತ್ತಿದ್ದವು.

ಲೈಬ್ರರಿ ಸರಿಯಾಗೇ ಹೇಳಿತ್ತು. ದಿನಾಂಕ ಇಲ್ಲದಿದ್ದರೆ ಆ ಫೀಲ್ಡೇ ಇರಲ್ಲ. ದಿನಾಂಕ ಇದ್ದು ಅರ್ಥ ಆಗದಿದ್ದರೆ, ಫೀಡ್ ಕೊಟ್ಟ ಮೂಲ ಅಕ್ಷರಗಳು ‘ಪಬ್ಲಿಶ್ಡ್’ನಲ್ಲಿ ಹಾಗೇ ಇರುತ್ತವೆ, ‘ಪಬ್ಲಿಶ್ಡ್ ಪಾರ್ಸ್ಡ್’ನಲ್ಲಿ ನನ್ ಇರುತ್ತೆ. ಇವೆರಡೂ ಬೇರೆ ಬೇರೆ ಸ್ಥಿತಿ. ಕೊಟ್ಟಿಲ್ಲ ಅನ್ನೋದು ಒಂದು, ಕೊಟ್ಟಿದ್ದಾರೆ ಆದರೆ ನನಗೆ ಓದಕ್ಕಾಗಲಿಲ್ಲ ಅನ್ನೋದು ಇನ್ನೊಂದು. ನಾನು ಎರಡನ್ನೂ ಸೇರಿಸಿ ‘ಈಗ’ ಅಂದುಬಿಟ್ಟಿದ್ದೆ. ಈಗ ನನ್ನ ಕ್ಲಾಸಿನಲ್ಲಿ ಮೂರು ಸಮಯ ಬೇರೆ ಬೇರೆ ಇವೆ: ಪ್ರಕಟವಾದದ್ದು, ತಿದ್ದಿದ್ದು, ನಾನು ತಂದದ್ದು. ಮೊದಲೆರಡು ಖಾಲಿ ಇರಬಹುದು, ಮೂರನೆಯದು ಮಾತ್ರ ನನ್ನದು. ಜೊತೆಗೆ ಫೀಡ್ ಕೊಟ್ಟ ಮೂಲ ಸಾಲನ್ನೂ ಮುಟ್ಟದೆ ಇಟ್ಟುಕೊಳ್ತೀನಿ.

ಓದಕ್ಕಾಗದ ದಿನಾಂಕ ಅಂದರೆ? ಆರ್‌ಎಸ್‌ಎಸ್‌ನಲ್ಲಿ ದಿನಾಂಕ ಇಂಗ್ಲಿಷ್ ತಿಂಗಳ ಹೆಸರಿನಲ್ಲಿ ಇರಬೇಕು. ಆದರೆ ಸೈಟಿನ ಭಾಷೆ ಕನ್ನಡ ಅಂತ ಸೆಟ್ ಮಾಡಿದಾಗ ಕೆಲವೊಮ್ಮೆ ಪಬ್‌ಡೇಟ್ ಒಳಗೂ ‘ಜುಲೈ’ ಅಂತ ಕನ್ನಡ ಬಂದುಬಿಡುತ್ತೆ. ಫೀಡ್‌ಪಾರ್ಸರ್ ಒಳಗೆ ಕೊರಿಯನ್, ಗ್ರೀಕ್, ಹಂಗೇರಿಯನ್ ದಿನಾಂಕ ಓದೋ ಫಂಕ್ಷನ್ ಇವೆ. ಕನ್ನಡದ್ದು ಇಲ್ಲ. ಬೇಜಾರಾಗೋ ಬದಲು ಖುಷಿಪಡಿ, ಯಾಕಂದರೆ ನಮ್ಮದೇ ಡೇಟ್ ಹ್ಯಾಂಡ್ಲರ್ ಬರೆದು ರಿಜಿಸ್ಟರ್ ಮಾಡೋ ಸೌಲಭ್ಯ ಇದೆ. ಹನ್ನೆರಡು ತಿಂಗಳ ಒಂದು ಡಿಕ್ಷನರಿ, ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್, ಒಂದು ಸಂಜೆಯ ಕೆಲಸ. ‘ಆಗಸ್ಟ್’, ‘ಆಗಸ್ಟ್‌’ ಎರಡಕ್ಕೂ ಎಂಟ್ರಿ ಹಾಕಬೇಕಾಯ್ತು, ಕಾರಣ ಮುಂದೆ ಹೇಳ್ತೀನಿ.

ಇನ್ನೊಂದು ಗುಂಡಿ ಐದೂವರೆ ಗಂಟೆಯದು. ಫೀಡ್‌ಪಾರ್ಸರ್ ಎಲ್ಲ ಸಮಯವನ್ನೂ ಯುಟಿಸಿಗೆ ಬದಲಿಸಿ ಕೊಡುತ್ತೆ. ಅದನ್ನು ಎಂಕೆಟೈಮ್ ಫಂಕ್ಷನ್‌ಗೆ ಕೊಟ್ಟರೆ ಅದು ಲೋಕಲ್ ಸಮಯ ಅಂದುಕೊಳ್ಳುತ್ತೆ. ಬೆಳಗ್ಗೆ 11ರ ಸುದ್ದಿ 5:30ರದ್ದು ಅಂತ ತೋರಿಸುತ್ತೆ. ಬಳಸಬೇಕಾದ್ದು ಕ್ಯಾಲೆಂಡರ್ ಮಾಡ್ಯೂಲ್‌ನ ಟೈಮ್‌ಜಿಎಂ. ಈ ತಪ್ಪು ಯುಟಿಸಿಯಲ್ಲಿ ಓಡೋ ಸರ್ವರ್‌ನಲ್ಲಿ ಕಾಣಿಸೋದೇ ಇಲ್ಲ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕಾಣಿಸುತ್ತೆ. ‘ನನ್ನ ಮಷಿನ್‌ನಲ್ಲಿ ಸರಿ ಇದೆಯಲ್ಲ’ ಅನ್ನೋ ಮಾತಿನ ಉಲ್ಟಾ.

ಗುರುತಿನ ವಿಷಯಕ್ಕೂ ನಾನು ಎಡವಿದೆ. ಒಮ್ಮೆ ನೋಡಿದ ಐಡಿ ಮತ್ತೆ ಬಂದರೆ ಬಿಟ್ಟುಬಿಡು ಅಂತ ಬರೆದಿದ್ದೆ. ಆದರೆ ಸುದ್ದಿ ಸೈಟುಗಳು ಬೆಳಗ್ಗೆ ‘ಸೇತುವೆ ಮುಳುಗಡೆ ಭೀತಿ’ ಅಂತ ಹಾಕಿದ ಸುದ್ದಿಯನ್ನೇ ಮಧ್ಯಾಹ್ನ ‘ಸೇತುವೆ ಮುಳುಗಡೆ’ ಅಂತ ತಿದ್ದುತ್ತವೆ, ಐಡಿ ಅದೇ ಇರುತ್ತೆ. ನಮಗೆ ಬೇಕಾದ ಬದಲಾವಣೆಯೇ ಕಳೆದುಹೋಯ್ತು. ಈಗ ಐಡಿ ಜೊತೆ ಟೈಟಲ್, ಡಿಸ್ಕ್ರಿಪ್ಷನ್ ಸೇರಿಸಿದ ಒಂದು ಹ್ಯಾಶ್ ಇಟ್ಟಿದೀನಿ. ಐಡಿ ಅದೇ ಇದ್ದು ಹ್ಯಾಶ್ ಬದಲಾದರೆ ಅದು ತಿದ್ದಿದ ಸುದ್ದಿ.

ಈಗ ಟೈಟಲ್‌ನಲ್ಲಿ ಹೇಳಿದ ಚಿಕ್ಕೋಡಿ. ಐದು ತಾಲ್ಲೂಕಿನ ಹೆಸರಲ್ಲಿ ನಾಲ್ಕು ಸರಿಯಾಗಿ ಸಿಗ್ತಿದ್ದವು, ಚಿಕ್ಕೋಡಿ ಮಾತ್ರ ಕೆಲವು ಫೀಡ್‌ಗಳಲ್ಲಿ ಸಿಗ್ತಿರಲಿಲ್ಲ. ಕಣ್ಣಿಗೆ ‘ಚಿಕ್ಕೋಡಿ’ ಅಂತಲೇ ಕಾಣುತ್ತೆ, ಕಾಪಿ ಮಾಡಿ ಪಕ್ಕ ಪಕ್ಕ ಇಟ್ಟರೂ ಅದೇ, ಆದರೆ ಪೈಥಾನ್ ‘ಎರಡೂ ಒಂದೇ ಅಲ್ಲ’ ಅನ್ನುತ್ತೆ. ಉದ್ದ ನೋಡಿದೆ: ಒಂದರಲ್ಲಿ 8 ಕೋಡ್‌ಪಾಯಿಂಟ್, ಇನ್ನೊಂದರಲ್ಲಿ 10. ಕಾರಣ ‘ಕೋ’. ಯೂನಿಕೋಡ್‌ನಲ್ಲಿ ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಅಥವಾ ಎತ್ವ, ಊಕಾರದ ಕೊಂಬು, ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ಅಥಣಿ, ರಾಯಬಾಗ, ನಿಪ್ಪಾಣಿ, ಕಾಗವಾಡಗಳಲ್ಲಿ ಇಂಥ ಅಕ್ಷರ ಇಲ್ಲ, ನಮ್ಮೂರಿಗೇ ಈ ಭಾಗ್ಯ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿದರೆ ಎರಡೂ ಒಂದಾಗುತ್ತವೆ. ಹುಡುಕೋ ಪದಕ್ಕೂ ಮಾಡಬೇಕು, ಫೀಡ್‌ನ ಪಠ್ಯಕ್ಕೂ ಮಾಡಬೇಕು.

ಅದಾದ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಇದೆ, ಝೀರೋ ವಿಡ್ತ್ ನಾನ್ ಜಾಯ್ನರ್. ‘ಆಗಸ್ಟ್‌’ ತರಹ ಅರ್ಧಾಕ್ಷರದಲ್ಲಿ ಮುಗಿಯೋ ಪದದ ಕೊನೆಗೆ ಕನ್ನಡ ಕೀಬೋರ್ಡ್‌ಗಳು ಇದನ್ನು ಸೇರಿಸುತ್ತವೆ. ಎನ್‌ಎಫ್‌ಸಿ ಇದನ್ನು ತೆಗೆಯಲ್ಲ, ಹುಡುಕುವಾಗ ನಾವೇ ತೆಗೆಯಬೇಕು. ತೋರಿಸುವಾಗ ತೆಗೆಯಬೇಡಿ, ಪದ ಕೆಟ್ಟು ಒತ್ತಕ್ಷರ ಆಗಿಬಿಡುತ್ತೆ. ಇಲ್ಲೂ ಮೂಲ ಒಂದು ಕಡೆ, ಹುಡುಕಾಟದ ರೂಪ ಇನ್ನೊಂದು ಕಡೆ ಇಡಬೇಕು.

ಕಾಗುಣಿತದ ವ್ಯತ್ಯಾಸಕ್ಕೆ ಯೂನಿಕೋಡ್ ಏನೂ ಮಾಡಲ್ಲ. ನಿಪ್ಪಾಣಿ, ನಿಪಾಣಿ, ರಾಯಬಾಗ, ರಾಯಭಾಗ. ಮರಾಠಿ ಫೀಡ್‌ನಲ್ಲಿ ಚಿಕ್ಕೋಡಿ ‘ಚಿಕೋಡಿ’ ಆಗುತ್ತೆ, ಅದೂ ದೇವನಾಗರಿಯಲ್ಲಿ. ಮರಾಠಿ ಬಿಡೋ ಹಾಗಿಲ್ಲ, ನೀರು ಬರೋದೇ ಆ ಕಡೆಯಿಂದ, ಕೊಯ್ನಾ ಡ್ಯಾಂ, ರಾಜಾಪುರ ಬ್ಯಾರೇಜಿನ ಸುದ್ದಿ ಅಲ್ಲೇ ಇರುತ್ತೆ. ಇದಕ್ಕೆ ಕೈಯಿಂದ ಬರೆದ ಹೆಸರಿನ ಟೇಬಲ್ಲೇ ಗತಿ. ಆ ಟೇಬಲ್‌ಗೆ 2011ರ ಜನಗಣತಿ ಪಟ್ಟಿ ತಗೊಂಡಿದ್ದೆ. ಅದರಲ್ಲಿ ನಿಪ್ಪಾಣಿ, ಕಾಗವಾಡ ತಾಲ್ಲೂಕುಗಳೇ ಇಲ್ಲ, ಅವು ಆಮೇಲೆ ಚಿಕ್ಕೋಡಿ ಮತ್ತು ಅಥಣಿಯಿಂದ ಬೇರೆಯಾದವು.

ಹೆಸರಿನ ಈ ಗೋಜಲಿಗೆ ನಿಜವಾದ ಪರಿಹಾರ ಬೇರೆ ಕಡೆ ಸಿಕ್ತು. ಎಚ್ಚರಿಕೆ ಸಂದೇಶಗಳಿಗೇ ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್ ಅಂತ ಒಂದು ಎಕ್ಸ್‌ಎಂಎಲ್ ರೂಪ ಇದೆ, ಅದರ 1.2 ಆವೃತ್ತಿ 2010ರದ್ದು. ನಮ್ಮ ದೇಶದ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಇದೇ ರೂಪ ಬಳಸುತ್ತೆ, ಎಚ್ಚರಿಕೆಗಳ ಪಟ್ಟಿಯನ್ನು ಆರ್‌ಎಸ್‌ಎಸ್ ಆಗಿಯೂ ಕೊಡುತ್ತೆ. ಈ ರೂಪದಲ್ಲಿ ಜಾಗವನ್ನು ಹೆಸರಿನ ಜೊತೆ ಅಕ್ಷಾಂಶ–ರೇಖಾಂಶದ ಬಹುಭುಜವಾಗಿಯೂ ಕೊಡಬಹುದು. ನಮ್ಮೂರಿನ ಬಿಂದು ಅದರೊಳಗಿದೆಯಾ ಅಂತ ನೋಡಿದರಾಯ್ತು, ಕಾಗುಣಿತದ ತಂಟೆಯೇ ಇಲ್ಲ. ಒಂದೇ ಸಂದೇಶದಲ್ಲಿ ಬೇರೆ ಬೇರೆ ಭಾಷೆಗೆ ಬೇರೆ ಬೇರೆ ‘ಇನ್ಫೋ’ ಭಾಗ ಇಡಬಹುದು. ಯಾವಾಗ ಮುಗಿಯುತ್ತೆ ಅನ್ನೋ ‘ಎಕ್ಸ್‌ಪೈರ್ಸ್’ ಹಾಕಲು ಜಾಗ ಇದೆ. ಹಿಂದಿನ ಸಂದೇಶ ರದ್ದು ಅನ್ನೋದಕ್ಕೆ ‘ಕ್ಯಾನ್ಸಲ್’ ಅನ್ನೋ ಬಗೆಯೇ ಇದೆ. ‘ಸ್ಟೇಟಸ್’ ಅನ್ನೋ ಫೀಲ್ಡ್ ಮಾತ್ರ ಮರೆಯಬೇಡಿ, ಅದರಲ್ಲಿ ‘ಟೆಸ್ಟ್’ ಅಂತ ಇದ್ದರೆ ಅದು ತಾಂತ್ರಿಕ ಪರೀಕ್ಷೆಯ ಸಂದೇಶ, ಮನೆಗೆ ಫೋನ್ ಮಾಡಿ ಹೆದರಿಸಬೇಡಿ. ಆದರೆ ಇದು ಜಿಲ್ಲೆಯಷ್ಟು ದೊಡ್ಡ ಎಚ್ಚರಿಕೆಗೆ ಒಳ್ಳೇದು. ಕಲ್ಲೋಳ–ಯಡೂರ ಸೇತುವೆ ಇವತ್ತು ಹತ್ತು ಗಂಟೆಗೆ ತೆರೆದಿದೆಯಾ ಅನ್ನೋದಕ್ಕೆ ಸ್ಥಳೀಯ ಸುದ್ದಿಯೇ ಬೇಕು. ಹಾಗಾಗಿ ನನ್ನ ಆ್ಯಪ್‌ನಲ್ಲಿ ಎರಡೂ ಇವೆ.

ಅಭ್ಯಾಸ ಮಾಡೋರಿಗೆ: ಕನ್ನಡ ವಿಕಿಪೀಡಿಯದ ಪ್ರತಿ ಪುಟದ ಇತಿಹಾಸಕ್ಕೂ ಆ್ಯಟಮ್ ಫೀಡ್ ಇದೆ. ನಿಮ್ಮೂರಿನ ಪುಟದ್ದು ತಗೊಂಡು ಪಾರ್ಸ್ ಮಾಡಿ, ಬೋಝೋ ನೋಡಿ, ಅಪ್‌ಡೇಟೆಡ್ ಸಮಯವನ್ನು ನಮ್ಮ ಸಮಯಕ್ಕೆ ತನ್ನಿ. ಆಮೇಲೆ ಅದೇ ಫೈಲನ್ನು ಸೇವ್ ಮಾಡಿ ಒಂದು ಎಂಟ್ರಿಯಿಂದ ದಿನಾಂಕ ಅಳಿಸಿ, ನಿಮ್ಮ ಕೋಡ್ ಏನು ಮಾಡುತ್ತೆ ನೋಡಿ.

ಈ ವರ್ಷ ನನ್ನ ಆ್ಯಪ್‌ನಲ್ಲಿ ದಿನಾಂಕ ಇಲ್ಲದ ಸುದ್ದಿಗಳು ಕೆಳಗೆ ಬೇರೆಯಾಗಿ, ‘ಸಮಯ ಗೊತ್ತಿಲ್ಲ’ ಅನ್ನೋ ಹಣೆಪಟ್ಟಿ ಜೊತೆ ಬರ್ತವೆ. ಅಪ್ಪನಿಗೆ ಅದು ಅಷ್ಟೇನೂ ಇಷ್ಟ ಆಗಿಲ್ಲ. ‘ಗೊತ್ತಿಲ್ಲ ಅಂತ ಹೇಳಾಕ ಆ್ಯಪ್ ಯಾಕ ಬೇಕೋ?’ ಅಂದ್ರು. ಆದರೆ ಹೋದ ವಾರ ಆ ಹಣೆಪಟ್ಟಿ ನೋಡಿ, ಹೊರಡೋ ಮೊದಲು ಯಡೂರಿನ ಒಬ್ಬರಿಗೆ ಫೋನ್ ಹಚ್ಚಿ ಕೇಳಿದರಂತೆ.