ಮನ್ನವೂ ಕಣಜವೂ

ರಾಯದುರ್ಗದಲ್ಲಿ ನಮ್ಮ ಚಿಕ್ಕಪ್ಪನ ಮಕ್ಕಳು ಜೀನ್ಸ್ ಹೊಲಿಯುತ್ತಾರೆ. ಶನಿವಾರ ಬಟವಾಡೆ. ಮಡಕಶಿರಾ ಕಡೆ ಸೋದರತ್ತೆಯದು ಶೇಂಗಾ ಹೊಲ. ಅವರ ಕೈಗೆ ದುಡ್ಡು ಹತ್ತುವುದು ವರ್ಷಕ್ಕೊಮ್ಮೆ, ಅದೂ ಮಳೆ ಬಂದರೆ. (2022ರಲ್ಲಿ ಮಡಕಶಿರಾ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಮಳೆ ಮಾತ್ರ ಹಿಂದಿನಷ್ಟೇ.) ಕಷ್ಟ ಬಂದಾಗ ಎರಡೂ ಮನೆಯಲ್ಲಿ ಒಂದೇ ಮಾತು: “ಕರ್ತನು ನೋಡ್ಕೋತಾನೆ.” ಉಳಿತಾಯ, ವಿಮೆ ಅಂತ ನಾನು ಬಾಯಿ ತೆರೆದರೆ ಗುಮಾನಿಯಿಂದ ನೋಡುತ್ತಾರೆ. ಇವನಿಗೆ ನಂಬಿಕೆ ಸಾಲದು ಅಂತ.

ಅವರ ಬೈಬಲ್ಲನ್ನೇ ಹಿಡಿದು ವಾದಕ್ಕೆ ಕೂರುತ್ತೇನೆ. ವಾರದ ಕೂಲಿಯವರು ಅಡವಿಯಲ್ಲಿ ದೇವರು ಉಣಿಸಿದ ಮನ್ನದ ಕಥೆ ಹೇಳುತ್ತಾರೆ: ಆ ದಿನದ್ದು ಆ ದಿನಕ್ಕೆ, ಉಳಿಸಿಟ್ಟರೆ ಹುಳ. ಸರಿ. ಆದರೆ ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿಕೊಳ್ಳಿ ಅಂದದ್ದೂ ಅದೇ ದೇವರು, ಅದೇ ವಿಮೋಚನಕಾಂಡ 16ನೇ ಅಧ್ಯಾಯದಲ್ಲಿ. ಆ ಪಾಲಿಗೆ ಹುಳ ಬೀಳಲಿಲ್ಲ. ಆರ್ಡರ್ ಇಲ್ಲದೆ ಮಷಿನ್ ನಿಲ್ಲುವ ವಾರಗಳು ಜೀನ್ಸ್ ಕೆಲಸದಲ್ಲಿ ಇದ್ದೇ ಇರುತ್ತವೆ. ಅದಕ್ಕೆ ಬಟವಾಡೆಯ ದಿನವೇ ಒಂದಿಷ್ಟು ಉಳಿತಾಯ ಖಾತೆಗೆ ಹೋಗಬೇಕು. ಅಂಚೆ ಆರ್.ಡಿ. ಈ ಕೆಲಸಕ್ಕೆ ಬಾರದು. ಅದನ್ನು ಮೂರು ವರ್ಷಕ್ಕೆ ಮುಂಚೆ ಮುರಿಯಲಾಗದು.

ಶೇಂಗಾದವರಿಗೆ ಐಗುಪ್ತದ ಕಣಜ ತುಂಬಿಸಿದ ಯೋಸೇಫ ಹೆಚ್ಚು ಹತ್ತಿರ. ಸುಭಿಕ್ಷದ ಏಳು ವರ್ಷ ಬೆಳೆಯ ಐದನೇ ಒಂದು ಪಾಲು ಕಣಜಕ್ಕೆ. ಶೇ 20. ಇಂದಿನ ಹಣಕಾಸು ಸಲಹೆಗಾರರಲ್ಲೂ ಹಲವರು ಇದನ್ನೇ ಹೇಳುತ್ತಾರೆ. ಅತ್ತೆಯ ಮನೆಯಲ್ಲಿ ಇದರ ನೆರಳಿದೆ: ಬಿತ್ತನೆ ಕಾಯಿಯ ಚೀಲಕ್ಕೆ ಬೇರೆ ಮೂಲೆ, ಮದುವೆ ಬಂದರೂ ಅದರ ಬಾಯಿ ಬಿಚ್ಚುವಂತಿಲ್ಲ. ಪಕ್ಕದ ಗೂಡಿನಲ್ಲಿ ಕಾಣಿಕೆಯ ಕವರು, ಎಣ್ಣೆ ಕಲೆ ಹತ್ತಿದ್ದು. ಮೊದಲು ದಶಮಾಂಶ, ಆಮೇಲೆ ಬೀಜ, ಉಳಿದದ್ದು ಸಂಸಾರಕ್ಕೆ.

ದಶಮಾಂಶ ಎಂದರೆ ಟಿವಿಯಲ್ಲಿ ಕೆಲವರು ಕೂಗುವ ಹಾಗೆ ನೂರರಷ್ಟು ತಿರುಗಿ ಬರುವ ಠೇವಣಿಯಲ್ಲ. ಸಾಲ ತಂದು ಕಾಣಿಕೆ ಹಾಕಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಧರ್ಮೋಪದೇಶಕಾಂಡ 14 ತೆಗೆಯಿರಿ: ಮೂರನೇ ವರ್ಷದ ದಶಮಾಂಶ ಊರಲ್ಲೇ ಉಳಿಯಬೇಕು, ಲೇವಿಯ, ಪರದೇಶಿ, ಅನಾಥ, ವಿಧವೆ ಅದನ್ನು ಉಂಡು ತೃಪ್ತರಾಗಬೇಕು. ದೇವರು ನೋಡಿಕೊಳ್ಳುವುದು ಪಕ್ಕದ ಮನೆಯವನ ಕೈಯಿಂದಲೇ.

ತೊಡಕಿರುವುದೂ ಅಲ್ಲೇ. ಅನಂತಪುರದ ಸರಾಸರಿ ಮಳೆ 550 ಮಿ.ಮೀ. ಆಸುಪಾಸು. ಅದು ಕೈಕೊಟ್ಟ ವರ್ಷ ನನ್ನ ಹೊಲ ಒಣಗಿದರೆ ಪಕ್ಕದವನದೂ ಒಣಗುತ್ತದೆ, ಪಾಸ್ಟರದೂ. ಇಡೀ ಸಭೆ ಒಟ್ಟಿಗೆ ಬರಿಗೈ; ಯಾರಿಗೆ ಯಾರು ಕೊಡುವುದು? ಕಾನಾನಿನಲ್ಲಿ ಬರ ಬಿದ್ದಾಗ ಯಾಕೋಬನ ಮಕ್ಕಳು ಐಗುಪ್ತಕ್ಕೇ ಹೋಗಬೇಕಾಯಿತು. ಬೆಳೆ ವಿಮೆ ಆ ದೂರದ ಕಣಜ. ಮಳೆ ಬಿದ್ದ ಸೀಮೆಯವರ ದುಡ್ಡೂ ಅದರಲ್ಲಿರುತ್ತದೆ. ಫಸಲ್ ಬಿಮಾ ನಿಯಮದಂತೆ ಮುಂಗಾರು ಶೇಂಗಾಕ್ಕೆ ರೈತನ ಪಾಲು ವಿಮಾ ಮೊತ್ತದ ಶೇ 2 ಮೀರುವುದಿಲ್ಲ, ಮಿಕ್ಕದ್ದು ಸರ್ಕಾರಗಳದು.

ಇಷ್ಟೆಲ್ಲ ಕೇಳಿದ ಅತ್ತೆ ಕೊನೆಗೆ ಎತ್ತಿದ ಪ್ರಶ್ನೆ: “ವಿಮೆ ದುಡ್ಡು ಬಂದರೆ ಅದಕ್ಕೂ ದಶಮಾಂಶ ಕೊಡಬೇಕಾ?”

ಬೆಳೆಯ ಬದಲಿಗೆ ಬಂದದ್ದಲ್ಲವೇ, ಕೊಡಿ ಅಂದೆ.

“ಪ್ರೀಮಿಯಂ ಕಳೆದು ಕೊಡ್ತೀನಿ,” ಅಂದರು.