ಹತ್ತಿ ಬೀಜದ ಬೆಲೆ ಮತ್ತು ವಂಶವಾಹಿಯ ಒಡೆತನ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಹತ್ತಿ ಬೆಳೆಯುವ ರೈತರು ಪ್ರತಿ ಮುಂಗಾರಿಗೆ ಬೀಜದ ಪೊಟ್ಟಣ ಕೊಳ್ಳುತ್ತಾರೆ. ಜಯಧರದಂತಹ ಹಳೆಯ ತಳಿಯ ಬೀಜವನ್ನಾದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದಾಗಿತ್ತು. ಪೊಟ್ಟಣದ ಬೆಲೆಯಲ್ಲಿ ಯಾರ ಪಾಲು ಎಷ್ಟು, ಅದನ್ನು ಗೊತ್ತುಮಾಡುವವರು ಯಾರು ಎಂಬುದನ್ನು ರೈತರು ಅರಿತಿರುವುದು ಅವಶ್ಯ.

ಸಂಕರಣ ಹತ್ತಿ ನಮ್ಮ ಸಾಧನೆ

ಸಂಕರಣ ಹತ್ತಿಯನ್ನು ಮೊದಲು ರೈತರ ಹೊಲಕ್ಕೆ ತಂದ ದೇಶ ಭಾರತ. 1970ರಲ್ಲಿ ಸೂರತ್‌ನಿಂದ ಎಚ್-4, 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ, 1981ರಲ್ಲಿ ಅಲ್ಲಿಂದಲೇ ಡಿಸಿಎಚ್-32 ಹೊರಬಂದವು. ಇವು ಸಾರ್ವಜನಿಕ ಸಂಶೋಧನೆಯ ಫಲ.

ಕೊಡುವವರು ಒಬ್ಬರು, ಬೇಡುವವರು ಹಲವರು

2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಸರ್ಕಾರದ ಅನುಮತಿ ದೊರೆಯಿತು. ಕಾಯಿಕೊರಕವನ್ನು ಕೊಲ್ಲುವ ಇದರ ವಂಶವಾಹಿ ತಂತ್ರಜ್ಞಾನ ಅಮೆರಿಕದ ಮಾನ್ಸಾಂಟೊ ಕಂಪನಿಯದಾಗಿತ್ತು. ಅದು ಮಹಿಕೋ ಜೊತೆ ಸಮಪಾಲಿನ ಕಂಪನಿ ಕಟ್ಟಿ, ಭಾರತದ ನಲವತ್ತಕ್ಕೂ ಹೆಚ್ಚು ಬೀಜ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿತು. ಸಂಕರಣ ತಳಿ ಇಲ್ಲಿಯವರದಾದರೂ, ಆ ವಂಶವಾಹಿ ಇಲ್ಲದ ಬೀಜಕ್ಕೆ ಗಿರಾಕಿ ಇಲ್ಲದಂತಾಯಿತು. ಹೀಗಾಗಿ ಕರಾರಿನಲ್ಲಿ ಕೊಡುವವರ ಮಾತೇ ನಡೆಯಿತು. 2005ರ ಸುಮಾರಿಗೆ 450 ಗ್ರಾಂ ಪೊಟ್ಟಣದ ಬೆಲೆ 1600 ರೂಪಾಯಿ ದಾಟಿತ್ತು. ಅದರಲ್ಲಿ ಸುಮಾರು 1250 ರೂಪಾಯಿ ತಂತ್ರಜ್ಞಾನ ಶುಲ್ಕವೇ ಆಗಿತ್ತು. ಈ ಹೊರೆ ಕೊನೆಗೆ ಬಿದ್ದದ್ದು ರೈತನ ಮೇಲೆ.

2006ರಲ್ಲಿ ಆಂಧ್ರಪ್ರದೇಶ ಸರ್ಕಾರ ಇದನ್ನು ಪ್ರಶ್ನಿಸಿತು. ಪೊಟ್ಟಣದ ಬೆಲೆ 750 ರೂಪಾಯಿಗೆ ಇಳಿಯಿತು. 2016ರಿಂದ ಕೇಂದ್ರ ಸರ್ಕಾರವೇ ಬೆಲೆ ಗೊತ್ತುಮಾಡುತ್ತಿದೆ. ಎರಡು ವಂಶವಾಹಿಗಳ ಬಿಟಿ ಹತ್ತಿಯ ಪೊಟ್ಟಣಕ್ಕೆ ನಿಗದಿಯಾದ ಬೆಲೆ ಹೀಗಿತ್ತು:

2016: ಬೆಲೆ ರೂ. 800, ಶುಲ್ಕ ರೂ. 49
2018: ಬೆಲೆ ರೂ. 740, ಶುಲ್ಕ ರೂ. 39
2019: ಬೆಲೆ ರೂ. 730, ಶುಲ್ಕ ರೂ. 20
2020: ಬೆಲೆ ರೂ. 730, ಶುಲ್ಕ ಇಲ್ಲ

ಆದರೆ ಬೆಲೆ ನಿಯಂತ್ರಣವೊಂದೇ ಸಾಲದು. 2016ರಲ್ಲಿಯೇ ಮಹಿಕೋ, ಕಳೆನಾಶಕ ತಾಳುವ ಹೊಸ ಬಿಟಿ ಹತ್ತಿಗಾಗಿ ಸಲ್ಲಿಸಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ತಂತ್ರಜ್ಞಾನದ ಒಡೆಯರು ಹಿಂದೆ ಸರಿದರೆ ಬೇರೆ ದಾರಿ ಇರಬೇಕು. ಆ ದಾರಿ ಸ್ವಂತ ಸಂಶೋಧನೆ.

ಕಲಿತ ಪಾಠ

ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಕಾನೇರಿ ನರ್ಮಾ ಬಿಟಿ ತಳಿಯನ್ನು ರೂಪಿಸಿದವು. ಸಂಕರಣವಲ್ಲದ ಕಾರಣ ಇದರ ಬೀಜವನ್ನು ರೈತರು ಮತ್ತೆ ಬಿತ್ತಬಹುದಾಗಿತ್ತು. 2009ರಲ್ಲಿ ಇದು ಹೊಲಕ್ಕೆ ಬಂದಿತು. ಆದರೆ ಬೀಜದಲ್ಲಿ ಮಾನ್ಸಾಂಟೊ ವಂಶವಾಹಿಯ ಬೆರಕೆ ಕಂಡುಬಂದು ಮಾರಾಟ ನಿಂತುಹೋಯಿತು. ಬೀಜದ ಶುದ್ಧತೆ ಕಾಯದಿದ್ದರೆ ಸ್ವಾವಲಂಬನೆ ಕೈಗೂಡದು ಎಂಬುದೇ ಇಲ್ಲಿಯ ಪಾಠ.

ಇತ್ತ 2014ರ ನಂತರ ಗುಲಾಬಿ ಕಾಯಿಕೊರಕವು ಎರಡು ವಂಶವಾಹಿಗಳ ಹತ್ತಿಯಲ್ಲಿಯೂ ಬದುಕತೊಡಗಿತು. ಬೀಜಕ್ಕೆ ಹಣ ಕೊಟ್ಟ ರೈತ ಈಗ ಔಷಧಿಗೂ ಹಣ ಕೊಡಬೇಕಾಗಿದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಬೀಜ ಕೊಂಡಾಗ ರಸೀದಿ ಪಡೆಯಬೇಕು. ರಸೀದಿ, ಖಾಲಿ ಪೊಟ್ಟಣ ಮತ್ತು ಸ್ವಲ್ಪ ಬೀಜವನ್ನು ಬೆಳೆ ಮುಗಿಯುವವರೆಗೆ ಕಾಯ್ದಿಡಬೇಕು. ನೋಂದಾಯಿತ ತಳಿ ಹೇಳಿದಂತೆ ಬಾರದಿದ್ದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೇ ಕಲಮಿನಂತೆ ಪರಿಹಾರ ಕೇಳಬಹುದು.

2. ಅನುಮತಿ ಇಲ್ಲದ ಕಳೆನಾಶಕ ಸಹಿಷ್ಣು ಬೀಜ ಕೊಳ್ಳಬಾರದು. ಅದಕ್ಕೆ ರಸೀದಿ ಇಲ್ಲ; ಬೆಳೆ ಕೆಟ್ಟರೆ ಕೇಳುವವರೂ ಇಲ್ಲ.

3. ಹೊಲದ ಒಂದು ಭಾಗದಲ್ಲಾದರೂ ಸಂಕರಣವಲ್ಲದ ತಳಿ ಬೆಳೆಯುವುದು ಒಳ್ಳೆಯದು. ಅದರ ಬೀಜವನ್ನು ಇಟ್ಟುಕೊಳ್ಳುವ, ವಿನಿಮಯ ಮಾಡುವ ಹಕ್ಕನ್ನು ಇದೇ ಕಾಯಿದೆ ರೈತರಿಗೆ ಕೊಟ್ಟಿದೆ. ಬ್ರಾಂಡ್ ಹೆಸರಿನಲ್ಲಿ ಮಾತ್ರ ಮಾರುವಂತಿಲ್ಲ.

4. ಎಕರೆಗೆ ಎರಡು ಮೋಹಕ ಬಲೆ ಕಟ್ಟಿ ಗುಲಾಬಿ ಕಾಯಿಕೊರಕದ ಪತಂಗಗಳನ್ನು ಗಮನಿಸಬೇಕು. ಡಿಸೆಂಬರ್ ಅಂತ್ಯಕ್ಕೆ ಬೆಳೆ ಮುಗಿಸಿ, ಹತ್ತಿ ಕಟ್ಟಿಗೆಯನ್ನು ಹೊಲದಲ್ಲಿ ಉಳಿಸದೆ, ಮುಂದಿನ ವರ್ಷ ತೊಗರಿ ಅಥವಾ ಜೋಳಕ್ಕೆ ಬದಲಾಯಿಸಬೇಕು.

5. ಊರಿನ ರೈತರು ಸಂಘವಾಗಿ ಒಟ್ಟಿಗೆ ಬೀಜ ಕೊಳ್ಳಬೇಕು. ಒಬ್ಬನಾಗಿ ಕೇಳಿದರೆ ಅಂಗಡಿಯವನು ಹೇಳಿದ್ದೇ ಬೆಲೆ. ಹತ್ತಾರು ಜನ ಕೂಡಿ ಕೇಳಿದರೆ ಚೌಕಾಸಿಗೆ ಅವಕಾಶವಿದೆ.

ಹೊಸ ತಂತ್ರಜ್ಞಾನವನ್ನು ಬೇಡವೆನ್ನಬೇಕಾಗಿಲ್ಲ. ಆದರೆ ಒಂದೇ ಬೀಜವನ್ನು, ಒಬ್ಬರೇ ಮಾರಾಟಗಾರರನ್ನು ನೆಚ್ಚಿ ಕೂಡಬಾರದು.